ಬೀಳದ ಗೆರೆ

ಬಾಣ ಹಾರಿ ಬರಬಾರದು, ಇದ್ದಲ್ಲೇ ಮೂಡಬೇಕು ಎಂದು ಶಂಭುಲಿಂಗ ಯಾವಾಗಲೂ ಹೇಳುತ್ತಿದ್ದ. ಹಾರಿ ಬಂದರೆ ನೋಡುವವರ ಕಣ್ಣು ಬಾಣದ ಬೆನ್ನು ಹತ್ತುತ್ತದೆ, ಬಾಣ ತೋರಿಸುವುದನ್ನು ಬಿಡುತ್ತದೆ. ಆ ಮುಂಜಾನೆಯೂ ಅವನು ಒಂದು ಹಳದಿ ಬಾಣವನ್ನು ಸ್ಲೈಡಿನ ಮೇಲಿಟ್ಟು, ಅದರ ತುದಿಯನ್ನು ತೆರೆದ ಬಾಯಿಯೊಂದರ ಒಳಗಿನ ಹುಣ್ಣಿನ ಅಂಚಿಗೆ ತಂದು, ಮೆಲ್ಲಗೆ ಮೂಡುವಂತೆ ಹೊಂದಿಸುತ್ತಿದ್ದ. ಬಾಯಿ ಯಾರೋ ಹೆಂಗಸಿನದು. ಕೈಗವಸು ಹಾಕಿದ ಹೆಬ್ಬೆರಳು ಎಡಗಲ್ಲವನ್ನು ಹೊರಗೆ ಜಗ್ಗಿ ಹಿಡಿದಿತ್ತು. ಕಣ್ಣಿನ ಮೇಲೆ, ದವಾಖಾನೆಯ ಫೋಟೋಗಳಲ್ಲಿ ಇರುವಂತೆ, ಕರಿಪಟ್ಟಿ. ವಿದ್ಯಾನಗರದ ಅವನ ಅಂಗಡಿಗೆ ಸ್ಲೈಡು ಮಾಡಿಸಲು ಬರುವವರಲ್ಲಿ ಹೆಚ್ಚಿನವರು ಇನ್ನೂ ಓದುತ್ತಿರುವ ಡಾಕ್ಟರುಗಳೇ. ಅವರ ಪೆನ್‌ಡ್ರೈವುಗಳ ತುಂಬ ಬಾಯಿ, ಕರುಳು, ಮೂಳೆ. ಅವನ್ನು ಅವನು ಬರೀ ಆಕಾರಗಳೆಂದು ನೋಡುವುದನ್ನು ಕಲಿತಿದ್ದ. ಇಲ್ಲಿ ಕೆಂಪು ಹೆಚ್ಚಾಯಿತು, ಇಲ್ಲಿ ಕತ್ತರಿಸಬೇಕು, ಇಲ್ಲಿ ಖಾಲಿ ಜಾಗ ಬಿಡಬೇಕು. ಹಾಗೆ ಕತ್ತರಿಸಲೆಂದೇ ಚಿತ್ರದ ಕೆಳಗಿನ ಅಂಚನ್ನು ಹಿಡಿದು ಮೇಲಕ್ಕೆ ಸರಿಸುತ್ತಿದ್ದಾಗ ಗದ್ದದ ಮೇಲಿನ ಹಚ್ಚೆ ಕಂಡಿತು. ಹಸಿರುಗಟ್ಟಿದ ಚುಕ್ಕೆಗಳು, ಒಂದು ಉಳಿದವುಗಳಿಗಿಂತ ದೊಡ್ಡದು, ಯಾಕೆಂದರೆ ಹಚ್ಚೆ ಚುಚ್ಚುವಾಗ ಆ ಹುಡುಗಿ ಸೀನಿದ್ದಳು. ಸೀನಿದ್ದನ್ನು ಮುದುಕಿಯಾದ ಮೇಲೂ ನಗುತ್ತ ಹೇಳುತ್ತಿದ್ದಳು. ಅವನ ಕೈ ಮೌಸಿನ ಮೇಲೆಯೇ ಇತ್ತು. ಚಿತ್ರದ ಅಂಚು ಸರಿಯುತ್ತಲೇ ಹೋಗಿ ಹಚ್ಚೆಯನ್ನೂ ಕೆಳತುಟಿಯನ್ನೂ ಮುಚ್ಚಿ ನಿಂತಿತು. ಅವ್ವ.

ಅವನಿಗೆ ಮೊದಲು ಅನ್ನಿಸಿದ್ದು ಕರಿಪಟ್ಟಿ ಸ್ವಲ್ಪ ವಾರೆಯಾಗಿದೆ ಎಂದು. ಅದನ್ನು ಸರಿಮಾಡಿದ ಕೂಡ. ಸರಿಮಾಡಿದ ಮೇಲೆ ತನ್ನ ಬೆರಳುಗಳ ಬಗ್ಗೆ ಹೇಸಿಗೆಯಾಗಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಈ ಫೋಟೋ ತೆಗೆದಾಗ ಅವನು ಅದೇ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದ. ದೊಡ್ಡ ಡಾಕ್ಟರು ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಮುಖ ಬರೆದು, ದವಡೆಯ ಎಷ್ಟು ಭಾಗ ತೆಗೆಯಬೇಕಾಗುತ್ತದೆ ಎಂದು ಗೆರೆ ಎಳೆದು ತೋರಿಸಿದ್ದರು. ಬೇಗ ಮಾಡಿದರೆ ಉಳಿಯುತ್ತಾರೆ, ಮುಖ ಮಾತ್ರ ಒಂದು ಕಡೆ ಕುಸಿಯುತ್ತದೆ. ಅವ್ವ ಚನ್ನಬಸವ್ವ ಆ ಚಿತ್ರವನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, ಒಲ್ಲೆ ಎಂದು ತಲೆ ಆಡಿಸಿದ್ದಳು. ಆಗ ಅವನು ಏನು ಮಾಡಬೇಕಿತ್ತು ಎಂಬುದು ಅವನಿಗೆ ಗೊತ್ತಿತ್ತು. ಬೈಯಬೇಕಿತ್ತು, ಕಾಲಿಗೆ ಬೀಳಬೇಕಿತ್ತು, ಹೆಂಡತಿಯಿಂದ ಹೇಳಿಸಬೇಕಿತ್ತು. ಅವನು, "ಆಕಿ ಮನಸಿಗೆ ಬಂದಂಗ ಆಗಲಿರಿ" ಎಂದ. ಅದನ್ನು ಎಲ್ಲರೂ ಮಗನ ಮೆದುತನವೆಂದು ತಿಳಿದರು. ಎರಡೂ ಬದಿ ಸಮನಾಗಿರದ ಯಾವುದನ್ನೂ ನೋಡಲಾರದ ಕಣ್ಣು ಅವನದು. ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದಾಗ, ಆ ಅರ್ಧ ಮುಖದ ಎದುರು ದಿನಾ ಕೂತು ಉಣ್ಣುವುದು ತಪ್ಪಿತಲ್ಲ ಎಂದು ಅವನ ಎದೆ ಹಗುರಾಗಿತ್ತು. ಆಪರೇಶನ್ ಒಲ್ಲೆನೆಂದವರಿಗೆ ದವಾಖಾನೆಯವರು ಅಗ್ಗದ ಗುಳಿಗೆಗಳನ್ನು ಬರೆದುಕೊಟ್ಟು, ಅವು ಎಷ್ಟು ದಿನ ತಡೆಯುತ್ತವೆ ಎಂಬ ಅಧ್ಯಯನ ನಡೆಸಿದ್ದರು. ಚನ್ನಬಸವ್ವನನ್ನೂ ಅದರಲ್ಲಿ ಸೇರಿಸಿಕೊಂಡರು. "ಗುಳಿಗಿ ಸುದ್ದಿ ಯಾರ ಮುಂದೂ ತಗೀಬ್ಯಾಡ" ಎಂದು ಅವಳು ಆಟೋದಲ್ಲೇ ಅವನ ಕೈ ಹಿಡಿದು ಹೇಳಿದಳು. "ಕೇಳಿದ್ರ ದವಾಖಾನಿ ಕಡೆ ಹೋಗೇ ಇಲ್ಲ ಅನ್ನು. ಶಿವ ಇಟ್ಟಂಗ ಇರ್ತಾಳಂತ ಅನ್ನು." ಅವಳು ಒಂದು ಹೊತ್ತನ್ನೂ ತಪ್ಪಿಸದೆ ಗುಳಿಗೆ ನುಂಗಿದಳು. ಮುಂದಿನ ಬೇಸಿಗೆ ಬರುವುದರೊಳಗೆ ಗಲ್ಲಕ್ಕೆ ತೂತು ಬಿದ್ದು ಸತ್ತಳು.

ಮುಂದಿನ ಸ್ಲೈಡು ಬರೀ ಬರಹದ್ದು, ಇಂಗ್ಲಿಷಿನಲ್ಲಿ, ಒಂದರ ಕೆಳಗೊಂದು ಸಾಲು. ಗುಂಡಿ ಒತ್ತಿದಂತೆಲ್ಲ ಒಂದೊಂದು ಸಾಲು ಬರಬೇಕೆಂದು ಡಾಕ್ಟರು ಬದಿಯಲ್ಲಿ ಗುರುತು ಹಾಕಿದ್ದರು. ಈ ರೋಗಿ ಈಗಲೂ ಬದುಕಿದ್ದಾರೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸದೆ ತಿನ್ನುತ್ತಾರೆ. ಮೊಮ್ಮಗಳಿಗೆ ಜಡೆ ಹಾಕುತ್ತಾರೆ. ತಂಗಿಯ ಮನೆಗೆ ಬಸ್ಸಿನಲ್ಲಿ ಒಬ್ಬರೇ ಹೋಗಿಬರುತ್ತಾರೆ. ಶಂಭುಲಿಂಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ. ಅವು ಅವನ ಮಾತುಗಳು. ಹೇಳಿದವನು ಅವನು, ಬೆಂಗೇರಿಯ ಮನೆಯ ಹಿತ್ತಲಲ್ಲಿ ನಿಂತು, ಫೋನಿನಲ್ಲಿ, ಅವ್ವ ಸತ್ತ ಮೇಲೆ. ಮಣ್ಣು ಕೊಟ್ಟು ಬಂದ ಮರುದಿನ ಮನೆಯ ತುಂಬ ಜನ, ಚಪ್ಪಲಿಗಳ ರಾಶಿ, ಯಾರಿಗೋ ನೀರು ಕೊಡುತ್ತಿರುವಾಗ ಫೋನು ಬಂದಿತು. ದವಾಖಾನೆಯ ರೇಣವ್ವ ಸಿಸ್ಟರ್. ತಿಂಗಳಿಗೊಮ್ಮೆ ವಿಚಾರಿಸುವವಳು. "ಅಮ್ಮಾರು ಹೆಂಗದಾರ್ರಿ?" "ಆರಾಮ ಅದಾರ್ರಿ." ಯಾರು ಕೇಳಿದರೂ ಯಾರಾದರೂ ಹೇಳುವಂಥದ್ದು, ನಾಲಿಗೆ ತಾನೇ ಹೇಳಿಬಿಟ್ಟಿತು. ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಅವಳು, "ಶಿವನೇ, ಭಾಳ ಛಲೋ ಆತು ನೋಡ್ರಿ, ಇವತ್ತ ಯಾರಿಗೆ ಫೋನ್ ಹಚ್ಚಿದ್ರೂ ಬರೀ ಸತ್ತ ಸುದ್ದಿನ" ಎಂದಳು. ಆ ದನಿಯಲ್ಲಿದ್ದ ಸುಖವನ್ನು ಹೇಗೆ ಕಸಿದುಕೊಳ್ಳುವುದು. ಮುಂದಿನ ತಿಂಗಳು ಹೇಳಿದರಾಯಿತು ಎಂದುಕೊಂಡ. ಮುಂದಿನ ತಿಂಗಳು ರೇಣವ್ವ, ಏನು ಉಂಡರು ಎಂದು ಕೇಳಿದಳು.

"ಏ ಶಂಭು, ಮುಂಜಮುಂಜಾನೆ ಇಷ್ಟ ದೊಡ್ಡ ಬಾಯಿ ತಕ್ಕೊಂಡ ಕುಂತೀಯಲ್ಲೋ. ಚಾ ಇಳೀತೈತೇನ್ ಇದನ್ನ ನೋಡಿ?" ಇಸ್ತಿಯಾಕ ಎರಡು ಕಪ್ಪು ಚಹಾ ಹಿಡಿದು ಒಳಗೆ ಬಂದಿದ್ದ. ಪಕ್ಕದ ಫ್ಲೆಕ್ಸ್ ಅಂಗಡಿ ಅವನದು. ಅಂದು ಮಧ್ಯಾಹ್ನ ಧಾರವಾಡದಲ್ಲಿ ನಡೆಯುವ ಡಾಕ್ಟರುಗಳ ಸಭೆಯ ಬ್ಯಾನರು ಅವನೇ ಮಾಡಿದ್ದ. ಶಂಭುಲಿಂಗ ಗಡಬಡಿಸಿ ಹಿಂದಿನ ಸ್ಲೈಡಿಗೆ ಹೋಗಿದ್ದ, ಬಾಯಿ ಮತ್ತೆ ಪರದೆಯ ತುಂಬ ಇತ್ತು. ಇಸ್ತಿಯಾಕ ಅವ್ವನ ಮಣ್ಣಿಗೆ ಬಂದವನು, ಕುಣಿಯ ಅಂಚಿನಲ್ಲಿ ನಿಂತು ಎರಡು ಹಿಡಿ ಮಣ್ಣು ಹಾಕಿದವನು; ಆದರೆ ಅವಳ ಬಾಯಿಯನ್ನು ಅವನು ನೋಡಿರಲಿಲ್ಲ, ಹೊರಗಿನವರು ಯಾರೂ ನೋಡಿರಲಿಲ್ಲ, ಸೆರಗಿನ ಮೇಲಿನ ಎರಡು ಕಣ್ಣುಗಳನ್ನಷ್ಟೇ ಎಲ್ಲರೂ ಬಲ್ಲರು. ಈಗ ಅವೇ ಕಣ್ಣುಗಳ ಮೇಲೆ ಪಟ್ಟಿ. ಇಸ್ತಿಯಾಕ ಚಹಾ ಇಟ್ಟವನು ನಗು ಬಿಟ್ಟು ಪರದೆಯ ಹತ್ತಿರ ಬಗ್ಗಿದ.

"ನಮ್ಮ ಅಮ್ಮಿಗಾಗೇದಲ್ಲ, ಅದ ಏನೋ ಇದು?"

"ಹೂಂ, ಅಂಥಾದ್ದ."

"ಆಪರೇಶನ್ನಿಗೆ ತಾರೀಖ ಕೊಟ್ಟಾರ. ಆಕಿ ಒಲ್ಲೆ ಅಂತ ಕುಂತಾಳ. ಕನ್ನಡಿ ನೋಡ್ಕೊಂಡು ಅಳ್ತಾಳಲೇ, ಈ ವಯಸ್ಸಿನ್ಯಾಗ. ಫರಾಳ ಮಾಡಿ ಮಾಡಿ ಇಡೀ ಓಣಿಗೆ ತಿನ್ನಿಸಿದಾಕಿ, ಈಗ ಗಂಜಿ ಕುಡೀತಾಳ." ಅವನು ಚಹಾ ಹೀರಿದ. "ನಿನ್ನೆ ಅರ್ಧ ಹಾದಿಗೆ ತಂದೇನಿ. ಹೂಂ ಅಂದಂಗ ಮಾಡ್ಯಾಳ."

"ಹೂಂ ಅನಸು" ಎಂದ ಶಂಭುಲಿಂಗ. ಅಷ್ಟು ಹೇಳಿದ್ದೇ ದೊಡ್ಡದೆನಿಸಿ ಚಹಾದ ಕಪ್ಪು ಎತ್ತಿಕೊಂಡ. ಇಸ್ತಿಯಾಕ ಇನ್ನೂ ಪರದೆ ನೋಡುತ್ತಿದ್ದ. ಹೊರಗೆ ಸ್ಕೂಟರು ನಿಂತ ಸದ್ದಾಗಿ, ಡಾಕ್ಟರ್ ಫರಹತ ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು, ದುಪಟ್ಟಾ ಸರಿಮಾಡಿಕೊಳ್ಳುತ್ತ ಒಳಗೆ ಬಂದಳು. ಹಳೇಹುಬ್ಬಳ್ಳಿಯ ಹುಡುಗಿ, ಮನೆಯಲ್ಲಿ ಮೊದಲ ಡಾಕ್ಟರು. ಮಾತಾಡುವಾಗ ಹೆದರಿಕೆಗೆ ಉಗುರು ಕಚ್ಚುತ್ತಾಳೆ, ಕಚ್ಚುತ್ತಿರುವುದು ತಿಳಿದ ಕೂಡಲೇ ಕೈ ಹಿಂದೆ ಇಟ್ಟುಕೊಳ್ಳುತ್ತಾಳೆ. ಅವಳನ್ನು ಶಂಭುಲಿಂಗನಿಗೆ ದ್ವೇಷಿಸಲು ಆಗುತ್ತಿರಲಿಲ್ಲ. ಆಗಿದ್ದರೆ ಎಲ್ಲ ಸಲೀಸಾಗುತ್ತಿತ್ತು.

"ಶಂಭುಲಿಂಗಣ್ಣಾ, ಗೆರಿ ಸ್ಲೈಡ್ ಆತೇನ್ರಿ? ಅದ ನನ್ನ ಜೀವ ನೋಡ್ರಿ ಇವತ್ತ."

ಅವನು ತೆರೆದು ತೋರಿಸಿದ. ಬಿಳಿ ಬಯಲಿನಲ್ಲಿ ಎಡಗಡೆ ಮೇಲಿನಿಂದ ಹೊರಟ ನೀಲಿ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಬಂದು, ಕೊನೆಗೆ ನೆಲಕ್ಕಿಂತ ಒಂದಿಷ್ಟು ಮೇಲೆ, ಬಲಗಡೆಯ ಅಂಚಿನವರೆಗೂ ಸಪಾಟಾಗಿ ಹೋಗಿತ್ತು. "ಇದೇನ್ರಿ ಮೇಡಂ, ಉಣಕಲ್ ಕೆರಿ ಪಾವಟಿಗಿ ಇದ್ದಂಗೈತಿ" ಎಂದ ಇಸ್ತಿಯಾಕ. ಫರಹತ ನಕ್ಕಳು. ನಕ್ಕು, ಪೆನ್ನಿನ ತುದಿಯಿಂದ ತೋರಿಸುತ್ತ ಅವನಿಗೂ ತಿಳಿಸಿ ಹೇಳಿದಳು. ಆಪರೇಶನ್ ಒಲ್ಲೆ ಅಂದು ಗುಳಿಗೆ ತಗೊಂಡವರೆಲ್ಲ ಈ ಗೆರೆಯಲ್ಲಿ ಇದ್ದಾರೆ. ಒಬ್ಬರು ತೀರಿಕೊಂಡರೆ ಒಂದು ಮೆಟ್ಟಿಲು ಇಳಿಯುತ್ತದೆ. ಯಾರೂ ಸಾಯದಿದ್ದರೆ ಸಪಾಟು. ಎಲ್ಲರೂ ಸತ್ತರೆ ನೆಲ ಮುಟ್ಟುತ್ತದೆ. "ನೋಡ್ರಿ ಕಾಕಾ, ಕಡೀಗೆ ಇಷ್ಟುದ್ದ ಸಪಾಟ ಹೋಗೇತಲ್ಲ, ಅದು ಒಬ್ಬರ ಮ್ಯಾಲ ನಿಂತೈತಿ. ಆ ಫೋಟೋದಾಗಿನ ಅಮ್ಮಾರು."

"ಅಂದ್ರ ಆ ಹೆಣ್ಮಗಳು ಒಬ್ಬಾಕಿನ ಹಿಡ್ಕೊಂಡಾಳನ್ರಿ ಗೆರಿನ?"

"ಹಂಗ ತಿಳ್ಕೋರಿ."

"ಬರೇ ಗುಳಿಗಿ ಮ್ಯಾಲೆ?"

"ಬರೇ ಗುಳಿಗಿ ಮ್ಯಾಲೆ."

ಇಸ್ತಿಯಾಕ ಖಾಲಿ ಕಪ್ಪನ್ನು ಹಾಗೇ ಹಿಡಿದು ನಿಂತ. ಅವನ ಮುಖದಲ್ಲಿ ಏನೋ ಸಡಿಲಾಗುತ್ತಿರುವುದನ್ನು ಶಂಭುಲಿಂಗ ಕಂಡ. ಅಂದು ದವಾಖಾನೆಯ ಬಾಗಿಲ ಬಳಿ ಎದೆ ಹಗುರಾದಾಗ ತನ್ನ ಮುಖವೂ ಹೀಗೆಯೇ ಕಂಡಿರಬೇಕು. ಇಸ್ತಿಯಾಕ ತನ್ನ ಅಮ್ಮಿಯ ಸುದ್ದಿ ತೆಗೆದ. ಫರಹತ ಕೈ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ಕೇಳಿಸಿಕೊಂಡಳು. "ಆಪರೇಶನ್ ಬ್ಯಾಡ ಅಂತ ನಾ ಎಂದೂ ಹೇಳೂದಿಲ್ರಿ ಕಾಕಾ. ಅದ ಮೊದಲಿನ ಹಾದಿ. ಆದ್ರ ಎಷ್ಟ್ ಹೇಳಿದ್ರೂ ಒಲ್ಲೆ ಅನ್ನೋರಿಗೆ ಇದೂ ಒಂದು ಹಾದಿ ಐತಿ ಅಂತ ತೋರಸಾಕತ್ತೇನಿ." ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇಸ್ತಿಯಾಕ ಕೇಳಿಸಿಕೊಂಡದ್ದು ಕೊನೆಯ ಅರ್ಧ ಮಾತ್ರ ಎಂಬುದು ಅವಳಿಗೆ ಗೊತ್ತಾಗಲಿಲ್ಲ. ಸಭೆ ಮುಗಿದ ಮೇಲೆ ಅಮ್ಮಿಯ ರಿಪೋರ್ಟು ತೋರಿಸುತ್ತೇನೆಂದು ಹೇಳಿ ಅವನು ಬ್ಯಾನರು ಟೆಂಪೋದಲ್ಲಿ ಹೇರಲು ಹೋದ.

ಈಗ ಹೇಳಬೇಕು ಎಂದುಕೊಂಡ ಶಂಭುಲಿಂಗ. ಮಾತು ಬಹಳ ಸಣ್ಣದು, ಒಂದು ಉಸಿರಿನದು. "ಮೇಡಂ, ಈ ಪೇಶೆಂಟನ್ನ ನೀವು ನೋಡೀರೇನ್ರಿ?"

"ಇಲ್ಲಣ್ಣಾ, ನಾ ಸೇರೂಕಿಂತ ಮೊದಲಿನವರು. ಈಗ ನಂಬರೂ ಹತ್ತೂದಿಲ್ಲ." ಆ ಸಿಮ್ಮನ್ನು ಮುರಿದು ಒಗೆದವನು ಅವಳ ಎದುರಿಗೇ ಕೂತಿದ್ದ. "ಫೋನ್ ಮಾಡ್ತಿದ್ದ ಸಿಸ್ಟರು ರಿಟೈರ್ ಆಗಿ ಊರಿಗೆ ಹೋದ್ರು. ಅವರು ಹೇಳ್ತಿದ್ರು, ಆ ಅಮ್ಮನ ಮಗಾ ಎಷ್ಟ್ ಚಂದ ಸುದ್ದಿ ಹೇಳ್ತಿದ್ನಂದ್ರ, ಅಂವ ಹೇಳೂದ ಕೇಳಾಕ ಅಂತನ ನಾ ಆ ನಂಬರ್ ಕಡೀಗೆ ಹಚ್ಚತಿದ್ದೆ ಅಂತ. ಅಂಥಾ ಮಗಾ ಎಲ್ಲಾರ ಹೊಟ್ಯಾಗೂ ಹುಟ್ಟಬೇಕು ನೋಡ್ರಿ." ಅವಳು ಪರದೆಯ ಕಡೆ ತಿರುಗಿದಳು. "ಅಣ್ಣಾ, ಗೆರಿ ಮ್ಯಾಲ ಒಂದು ಚುಕ್ಕಿ ನಡಕೊಂತ ಹೋಗೂ ಹಂಗ ಮಾಡಾಕ ಬರ್ತೈತೇನ್ರಿ? ಮೆಟ್ಲ ಇಳಕೊಂತ ಬಂದು, ಕಡೀಗೆ ನಿಂತು, ಸ್ವಲ್ಪ ಹೊಳೀಬೇಕು. ಉಸಿರಾಡಿದಂಗ."

"ಬರ್ತೈತ್ರಿ" ಎಂದ ಅವನು.

ಧಾರವಾಡದ ಕಡೆ ಹೊರಟ ಎಸಿಯ ಚಿಗರಿ ಬಸ್ಸು ತಣ್ಣಗಿತ್ತು. ಲ್ಯಾಪ್‌ಟಾಪು ತೊಡೆಯ ಮೇಲೆ. ಚುಕ್ಕೆಗೆ ದಾರಿ ಹಾಕಿಕೊಟ್ಟಿದ್ದ; ದಾರಿ ಹಾಕುವುದರಲ್ಲಿ ಅವನನ್ನು ಮೀರಿಸುವವರು ಹುಬ್ಬಳ್ಳಿಯಲ್ಲಿ ಇರಲಿಲ್ಲ. ಚುಕ್ಕೆ ಹೊರಡುವಾಗ ತಡೆದು ತಡೆದು ಹೊರಡಬೇಕು, ನಿಲ್ಲುವಾಗ ಒಮ್ಮೆಲೇ ನಿಲ್ಲಬಾರದು, ನಿಲ್ಲುವ ಮೊದಲೇ ಅದಕ್ಕೆ ದಣಿವಾದಂತೆ ಕಾಣಬೇಕು, ಆಗಲೇ ನೋಡುವವನು ಅದರೊಳಗೆ ಜೀವ ಇದೆಯೆಂದು ನಂಬುತ್ತಾನೆ. ಅವನು ಫೋನಿನಲ್ಲಿ ಮಾಡಿದ್ದೂ ಇದನ್ನೇ. ಮೊದಲ ತಿಂಗಳು ಅವ್ವ ಗಂಜಿ ಕುಡಿದಳು. ಆಮೇಲೆ ಮೆತ್ತಗಿನ ಅನ್ನ. ಮಧ್ಯದಲ್ಲಿ ಒಮ್ಮೆ ಜ್ವರ ಬರಿಸಿದ, ಎಲ್ಲ ಚೆನ್ನಾಗಿಯೇ ಆಗುತ್ತ ಹೋದರೆ ನಂಬಿಕೆ ಬರುವುದಿಲ್ಲವೆಂದು. ರೇಣವ್ವ ಮರುಗಿದಳು, ಗಾಬರಿಯಾದಳು, ಕರೆದುಕೊಂಡು ಬರ್ರಿ ಎಂದಳು. ಮಾಳಮಡ್ಡಿಯ ತಂಗಿಯ ಮನೆಗೆ ಹೋಗಿದ್ದಾಳೆಂದ. ಹೋದವಳು ಒಬ್ಬಳೇ ಬಸ್ಸಿನಲ್ಲಿ ಹೋದಳು. ಬಸ್ಸಿನಲ್ಲಿ ಕೂತ ಅವ್ವ ಅವನ ಕಣ್ಣಿಗೆ ಕಟ್ಟುತ್ತಿದ್ದಳು, ಕಿಟಕಿಯ ಹತ್ತಿರ, ಸೆರಗು ಬಾಯಿಯ ಮೇಲಿಲ್ಲದೆ. ನಿಜವಾದ ಅವ್ವ, ಸಾಯುವ ಮುಂಚಿನ ದಿನಗಳಲ್ಲಿ, ಒಳಗಿನ ಕೋಣೆಯಲ್ಲಿ ಸ್ಟೀಲಿನ ಲೋಟವನ್ನು ಮಂಚದ ಕಾಲಿಗೆ ಬಡಿಯುತ್ತಿದ್ದಳು. ಮಾತು ನಿಂತ ಮೇಲೆ ಕರೆಯುವುದಕ್ಕೆ ಅದೊಂದೇ ಉಳಿದಿತ್ತು. ಹೊರಕೋಣೆಯಲ್ಲಿ ಅವನು ಯಾವುದೋ ಬೀಜದ ಕಂಪನಿಗೆ ಮೆಣಸಿನಗಿಡ ಬೆಳೆದು ನಿಲ್ಲುವ ಸ್ಲೈಡು ಮಾಡುತ್ತ, ಆ ಬಡಿತ ಎಲೆಗಳು ಅರಳುವ ವೇಗಕ್ಕೆ ಸರಿಹೊಂದುತ್ತಿದೆಯೆಂದು ಗಮನಿಸಿ, ಏಳದೆ ಕೂತಿದ್ದ. ಎದ್ದು ಹೋಗುತ್ತಿದ್ದವಳು ಹೆಂಡತಿ ವಾಣಿಶ್ರೀ. ಕುಡಿಸಿದ ನೀರು ಗಲ್ಲದ ತೂತಿನಿಂದ ಹೊರಬಂದು ದಿಂಬು ತೋಯುತ್ತಿತ್ತು. ಅವಳು ದಿಂಬಿನ ಬಟ್ಟೆ ಹಿಂಡುತ್ತ ಹಿತ್ತಲಿಗೆ ಹೋಗುವಾಗ ಅವನ ಕಡೆ ನೋಡುತ್ತಿರಲಿಲ್ಲ.

ವಾಣಿಶ್ರೀಗೆ ಫೋನಿನ ಸಂಗತಿ ಗೊತ್ತಾದದ್ದೂ ಹಿತ್ತಲಲ್ಲೇ. ಬಟ್ಟೆ ಒಣಹಾಕುತ್ತಿದ್ದವಳು ಹಗ್ಗದ ಆಚೆಯಿಂದ ಎಲ್ಲ ಕೇಳಿಸಿಕೊಂಡಳು: ಮೊಮ್ಮಗಳ ಜಡೆ, ಅದಕ್ಕೆ ಕಟ್ಟಿದ ಟೇಪಿನ ಬಣ್ಣ, ಬಿಗಿಯಾಗಿ ಹಾಕಿದ್ದಕ್ಕೆ ಹುಡುಗಿ ಅತ್ತದ್ದು. ಅವನು ಫೋನು ಇಟ್ಟಾಗ ಇಬ್ಬರ ನಡುವೆ ಒಂದು ಹಸಿ ಚಾದರವಿತ್ತು. "ಯಾರ್ದು?" "ದವಾಖಾನಿದು." ಅವಳು ಬೈಯುತ್ತಾಳೆಂದು ಅವನು ಕಾದ. ಅತ್ತರೂ ಆಗುತ್ತಿತ್ತು. ಅವಳು ಬುಟ್ಟಿ ಎತ್ತಿಕೊಂಡು, "ನಾ ಮಿಕ್ಸರಿಗೆ ಹಾಕಿ ಹಾಕಿ ಕೊಟ್ಟದ್ದನ್ನ ಅತ್ತಿಯಾರು ಒಂದಿನಾನೂ ಪೂರಾ ಉಣಲಿಲ್ಲ" ಎಂದಳು. "ನಿಮ್ಮ ಬಾಯಾಗ ರೊಟ್ಟಿ ಉಣ್ಣಾಕತ್ತಾರ." ಅಷ್ಟೇ. ಅದಾದ ಮೇಲೆ ಫೋನು ಬಂದ ದಿನಗಳಂದು ಅವಳು ಅವನಿಗೆ ಬಡಿಸಿ, ತಾನು ಆಮೇಲೆ ಅಡಿಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಉಣ್ಣತೊಡಗಿದಳು.

ಬೈರಿದೇವರಕೊಪ್ಪ ದಾಟುವಾಗ ಅವನು ಸ್ಲೈಡು ತೆರೆದ. ಹೇಳಲಾಗದವನಿಗೆ ಮಾಡಲು ಬರುವುದೊಂದು ಇತ್ತಲ್ಲ. ಚುಕ್ಕೆ ಬಲಗಡೆಯ ಅಂಚಿಗೆ ಬಂದು ನಿಂತು ಹೊಳೆಯುತ್ತದೆ; ಆಮೇಲೆ ಫರಹತ ಗುಂಡಿ ಒತ್ತಿದರೆ ಮುಂದಿನ ಸ್ಲೈಡು ಬರಬೇಕು. ಆ ಎರಡರ ನಡುವೆ ಅವನು ಇನ್ನೊಂದು ಚಲನೆ ಸೇರಿಸಿದ. ಒತ್ತಿದ ಕೂಡಲೇ ಚುಕ್ಕೆ ನೇರ ಕೆಳಗೆ ಇಳಿಯುತ್ತದೆ, ಗೆರೆ ಅದರ ಹಿಂದೆಯೇ ಬಾಗಿ ಬಿದ್ದು ನೆಲ ಮುಟ್ಟುತ್ತದೆ, ಚುಕ್ಕೆ ಆರುತ್ತದೆ. ಸರಿಯಾಗಿ ಹೇಳಬೇಕೆಂದರೆ ಅವ್ವನ ಮೆಟ್ಟಿಲು ಇರಬೇಕಾದದ್ದು ಇಲ್ಲಿ ಅಲ್ಲ, ಎಡಗಡೆ, ಜನ ಬೇಗ ಬೇಗ ಇಳಿದ ಜಾಗದಲ್ಲಿ. ಆದರೆ ನೋಡುವವರ ಕಣ್ಣು ಇರುವುದು ಇಲ್ಲಿ. ಬೀಳುವ ವೇಗ ಎಷ್ಟಿರಬೇಕೆಂದು ಅವನು ಯೋಚಿಸಿದ. ಬೇಗ ಬಿದ್ದರೆ ನಾಟಕ, ನಿಧಾನ ಬಿದ್ದರೆ ಮರುಕ. ಒಂದು ಸಲ ಆಡಿಸಿ ನೋಡಿದ, ಇನ್ನೊಂದು ಸಲ. ಬಿದ್ದದ್ದು ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಪಕ್ಕದಲ್ಲಿ ಕೂತ ಮುದುಕನೊಬ್ಬ, "ಗೇಮ್ ಏನ್ರಿ ಅದು?" ಎಂದು ಕೇಳಿದ. ಅಲ್ಲ ಎಂದ ಶಂಭುಲಿಂಗ. ಅವನಿಗೆ ಬಹಳ ದಿನಗಳ ಮೇಲೆ ಹಸಿವಾಯಿತು. ಗೆರೆ ಬಿದ್ದರೆ ಯಾರಾದರೂ ಕೇಳುತ್ತಾರೆ, ಫರಹತ ತಿರುಗಿ ಅವನನ್ನು ಕೇಳುತ್ತಾಳೆ. ಕೇಳಿದ ಮೇಲೆ ಹೇಳುವುದು ಸುಲಭ. ಇಸ್ತಿಯಾಕ ಅಲ್ಲೇ ಇರುತ್ತಾನೆ. ಕೇಳಿಸಿಕೊಳ್ಳುತ್ತಾನೆ.

ಸಭಾಂಗಣದ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ಅವನು ಕೂತ. ಕುರ್ಚಿಗಳಲ್ಲಿ ಡಾಕ್ಟರುಗಳು, ಅರ್ಧ ಜನ ಊಟದ ಭಾರಕ್ಕೆ ಕಣ್ಣು ಮುಚ್ಚಿದ್ದರು. ಹಿಂದಿನ ಗೋಡೆಗೆ ಇಸ್ತಿಯಾಕ ಒರಗಿ ನಿಂತಿದ್ದ, ಕಂಕುಳಲ್ಲಿ ಅಮ್ಮಿಯ ರಿಪೋರ್ಟಿನ ಪ್ಲಾಸ್ಟಿಕ್ ಚೀಲ. ಫರಹತಳ ದನಿ ಮೊದಮೊದಲು ನಡುಗಿತು, ಆಮೇಲೆ ಸ್ಲೈಡುಗಳು ಅವಳ ಕೈ ಹಿಡಿದವು. ಬಾಯಿ ಬಂತು, ಬಾಣ ಇದ್ದಲ್ಲೇ ಮೂಡಿತು. ರೊಟ್ಟಿ ಬಂತು, ಜಡೆ ಬಂತು, ಬಸ್ಸು ಬಂತು. ಒಂದೊಂದು ಸಾಲಿಗೂ ಮುಂದಿನ ಸಾಲಿನಲ್ಲಿ ಕೂತ ಬಿಳಿಗೂದಲಿನ ಡಾಕ್ಟರು ತಲೆದೂಗಿದರು. ಶಂಭುಲಿಂಗನಿಗೆ, ಇಷ್ಟು ಜನ ಒಟ್ಟಿಗೆ ಅವ್ವನ ಬಗ್ಗೆ ಸಂತೋಷಪಟ್ಟದ್ದನ್ನು ತಾನು ಎಂದೂ ಕಂಡಿಲ್ಲ ಅನ್ನಿಸಿತು; ಅವಳು ಇದ್ದಾಗ ಮದುವೆ ಮನೆಗಳಲ್ಲಿ ಮೂಲೆಯಲ್ಲಿ ಕೂತು ಎಲೆ ಎಣಿಸುತ್ತಿದ್ದವಳು. ಬೀಳಿಸಬಾರದೇನೋ ಎಂದು ಒಂದು ಕ್ಷಣ ಕೈ ಕೀಲಿಮಣೆಯ ಕಡೆ ಹೋಯಿತು. ಗೆರೆ ಬಂದುಬಿಟ್ಟಿತ್ತು. ಚುಕ್ಕೆ ಮೆಟ್ಟಿಲು ಇಳಿಯುತ್ತ, ಸಪಾಟಿಗೆ ಬಂದು, ದಣಿದು, ನಿಂತು, ಹೊಳೆಯತೊಡಗಿತು. ಉಸಿರಾಡಿದ ಹಾಗೆ. ಮಲಗಿದ್ದವರೂ ಎಚ್ಚೆತ್ತು ನೋಡುತ್ತಿದ್ದರು. ಫರಹತ ಒಂದು ಮಾತು ಹೇಳಿ ಮುಗಿಸಿ ಗುಂಡಿ ಒತ್ತಿದಳು.

ಚುಕ್ಕೆ ಇಳಿಯಿತು. ಗೆರೆ ಬಾಗಿ, ಬಿದ್ದು, ನೆಲ ಮುಟ್ಟಿತು.

ಯಾರಾದರೂ ಕೇಳಲೆಂದು ಶಂಭುಲಿಂಗ ಕಾದ. ಬಿಳಿಗೂದಲಿನ ಡಾಕ್ಟರು ಕುರ್ಚಿಯಲ್ಲಿ ಮುಂದೆ ಬಾಗಿ, ಗಟ್ಟಿಯಾಗಿ, ಕನ್ನಡದಲ್ಲೇ ಅಂದರು: "ಏನವ್ವಾ ತಂಗಿ, ಇಷ್ಟೊತ್ತು ಬದುಕಿಸಿ, ಕಡೀಗೆ ನೀನ ಕೊಂದಿಯಲ್ಲವಾ!" ಇಡೀ ಸಭೆ ನಗೆಯಲ್ಲಿ ಸಡಿಲಾಯಿತು. ಫರಹತಳ ಕಿವಿಗಳು ಕೆಂಪಾಗಿದ್ದವು. ಕ್ಷಮಿಸಿ, ಅನಿಮೇಶನ್ ತುಸು ಹೆಚ್ಚಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ತಡವರಿಸಿ, ಹಿಂದಕ್ಕೆ ಹೋಗುವ ಗುಂಡಿ ಒತ್ತಿದಳು. ನೆಲ ಮುಟ್ಟಿದ್ದ ಗೆರೆ ಥಟ್ಟನೆ ತನ್ನ ಜಾಗಕ್ಕೆ ಹೋಯಿತು. ಚುಕ್ಕೆ ಮತ್ತೆ ಹೊಳೆಯಿತು. "ಹಾಂ! ಬದುಕಿದ್ಲು ನೋಡ್ರಿ" ಎಂದರು ಯಾರೋ ಹಿಂದಿನಿಂದ. ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಆ ಚಪ್ಪಾಳೆಯಲ್ಲಿ ಅಣಕವಿರಲಿಲ್ಲ. ಅಂಜಿದ ಹುಡುಗಿಗೆ ಧೈರ್ಯ ಕೊಡುವ ಒಳ್ಳೆಯ ಜನರ ಚಪ್ಪಾಳೆ ಅದು. ಇಸ್ತಿಯಾಕ ಚೀಲವನ್ನು ಕಂಕುಳಲ್ಲಿ ಬಿಗಿಹಿಡಿದು ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದ.

ಚಹಾದ ಹೊತ್ತಿಗೆ ಫರಹತ ಮೇಜಿನ ಬಳಿ ಬಂದಳು. ಸಿಟ್ಟಿಗಿಂತ ಅಳು ಹತ್ತಿರವಿತ್ತು. "ಯಾಕ ಹಿಂಗಾತಣ್ಣಾ? ಮುಂಜಾನೆ ಹಿಂಗಿರಲಿಲ್ಲಲ್ಲ?"

ಕೇಳಿದ್ದಳು. ಅವನು ಬಯಸಿದ್ದ ಹಾಗೆಯೇ, ಎದುರಿಗೆ ನಿಂತು, ಕಣ್ಣಿಟ್ಟು. ಅವಳ ಹೆಬ್ಬೆರಳಿನ ಉಗುರಿನ ಬುಡದಲ್ಲಿ ರಕ್ತ ಜಿನುಗಿತ್ತು.

"ಮಿಸ್ಟೇಕ್ ಆತ್ರಿ ಮೇಡಂ" ಎಂದ. "ಬಸ್ಸಿನ್ಯಾಗ ಕೈ ತಾಗೇತ್ರಿ."

"ಇರಲಿ ಬಿಡ್ರಿ. ನಗೂದಾತು, ಮರೀತಾರ." ಅವಳೇ ಅವನನ್ನು ಸಮಾಧಾನಪಡಿಸಿದಳು. ಬಿಳಿಗೂದಲಿನವರು ಗುಳಿಗೆಯ ವಿವರ ಕಳಿಸು ಎಂದರಂತೆ, ತಮ್ಮ ದವಾಖಾನೆಯಲ್ಲೂ ಸುರು ಮಾಡುತ್ತಾರಂತೆ. ಅಷ್ಟು ಹೇಳಿ, ಇಸ್ತಿಯಾಕ ರಿಪೋರ್ಟು ಹಿಡಿದು ನಿಂತದ್ದು ಕಂಡು ಅವನ ಕಡೆ ಹೋದಳು. ಇಬ್ಬರೂ ಕಿಟಕಿಯ ಬೆಳಕಿನಲ್ಲಿ ಫಿಲ್ಮು ಎತ್ತಿ ಹಿಡಿದು ಮಾತಾಡುವುದನ್ನು ಶಂಭುಲಿಂಗ ವಯರು ಸುತ್ತುತ್ತ ನೋಡಿದ. ಫರಹತ ಏನೋ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು, ಆಪರೇಶನ್ ಎಂಬ ಮಾತು ಎರಡು ಸಲ ಕೇಳಿಸಿತು. ಇಸ್ತಿಯಾಕ ಬೇಡವೆಂದು ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ಅವಳು ಸೋತಂತೆ ಭುಜ ಇಳಿಸಿ ಒಂದು ಚೀಟಿಯಲ್ಲಿ ಬರೆದುಕೊಟ್ಟಳು.

"ಮುಗೀತ್ಲೇ" ಎಂದು ಇಸ್ತಿಯಾಕ ಬಂದು ಅವನ ಬೆನ್ನಿಗೆ ಗುದ್ದಿದ. ಕಣ್ಣುಗಳು ಒದ್ದೆಯಾಗಿದ್ದವು. "ಸೋಮವಾರದಿಂದ ಗುಳಿಗಿ ಸುರು. ಕೊಯ್ಯೂದಿಲ್ಲ, ಗಿಯ್ಯೂದಿಲ್ಲ. ಆಪರೇಶನ್ ಕ್ಯಾನ್ಸಲ್ ಮಾಡ್ಸಿದೆ. ಏನ್ ಸ್ಲೈಡ್ ಮಾಡಿಯೋ ಮಾರಾಯಾ, ಆ ಚುಕ್ಕಿ ನೋಡಿ ನನ್ನ ಜೀವ ಬಾಯಿಗೆ ಬಂದಿತ್ತು."

"ಇಸ್ತಿಯಾಕ, ಆಪರೇಶನ್ ಮಾಡಸು."

"ನಿನಗೇನ್ ಗೊತ್ತೋ? ಡಾಕ್ಟರ್ ಏನ್ ನೀನು?" ಅವನು ನಗುತ್ತಲೇ ಅಂದ, ಆದರೆ ಕಣ್ಣು ನಗಲಿಲ್ಲ. ಫೋನು ತೆಗೆದು ಮನೆಗೆ ಹಚ್ಚಿ, ಸುದ್ದಿಯನ್ನು ಉರ್ದುವಿನಲ್ಲಿ ಗಡಗಡ ಹೇಳಿದ. ಆ ಕಡೆಯಿಂದ ಪ್ರಶ್ನೆಗಳು ಬಂದವು. "ನನ್ ಮಾತ ನಂಬೂದಿಲ್ಲ ನೋಡು ಆಕಿ. ತಗೋ, ನೀ ಹೇಳು. ನೀ ಮಾಡಿದವಾ, ನಿನ್ನ ನಂಬತಾಳ." ಫೋನನ್ನು ಶಂಭುಲಿಂಗನ ಕಿವಿಗೆ ಹಿಡಿದ.

ರೆಹಮತ್‌ಬಿಯ ದನಿ ಬಾಯಲ್ಲಿ ಬಟ್ಟೆ ಇಟ್ಟುಕೊಂಡು ಮಾತಾಡಿದ ಹಾಗಿತ್ತು. "ಶಂಭುನ? ಖರೇ ಏನ್ ಬೇಟಾ, ಗುಳಿಗಿಲೇ ಆಕ್ಕೈತಂತ? ನೀ ನಿನ್ನ ಕಣ್ಣಲೇ ನೋಡಿಯೇನು, ಯಾರಿಗರೆ ಆಗಿದ್ದು?"

ಅವನು ಉಸಿರು ಎಳೆದುಕೊಂಡ. ಈ ಮಾತನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಮಣ್ಣಿಗೆ ಬಂದವರೆಲ್ಲ ಗೊತ್ತಿದ್ದೇ ಬಂದಿದ್ದರು, ಗೊತ್ತಿಲ್ಲದ ರೇಣವ್ವನಿಗೆ ಅವನು ಬೇರೆಯೇ ಹೇಳಿದ್ದ.

"ನಮ್ಮವ್ವ ಸತ್ತಳ್ರೀ ಅಮ್ಮಿ."

ಆ ಕಡೆ ಅವಳು ಜೊಲ್ಲು ಒರೆಸಿಕೊಂಡ ಸದ್ದು ಕೇಳಿಸಿತು.

"ಗೊತ್ತೈತಪ್ಪಾ ನನ್ನ ಕೂಸ" ಎಂದಳು ರೆಹಮತ್‌ಬಿ. "ಇಸ್ತಿಯಾಕ ಮಣ್ಣಿಗೆ ಬಂದಿದ್ನಲ್ಲ. ದವಾಖಾನಿ ಮೆಟ್ಲ ಸೈತ ಹತ್ತಲಿಲ್ಲಂತ, ಏನ್ ಹಠಾನೋ. ಅಳಬ್ಯಾಡ. ಆಕಿಗೂ ಈ ಗುಳಿಗಿ ಸಿಕ್ಕಿದ್ವು ಅಂದ್ರ, ಇವತ್ತ ಮನ್ಯಾಗ ಕುಂತಿರ್ತಿದ್ಲು."

ಇಸ್ತಿಯಾಕ ಫೋನು ತಿರುಗಿ ತನ್ನ ಕಿವಿಗೆ ಹಚ್ಚಿಕೊಂಡ. "ಕೇಳ್ದಿಲ್ಲ? ಈಗರೆ ಸಮಾಧಾನ ಆತಿಲ್ಲ?" ಎನ್ನುತ್ತ, ಬ್ಯಾನರಿನ ಹಗ್ಗ ಬಿಚ್ಚಲು ಗೋಡೆಯ ಕಡೆ ನಡೆದ.